ಕಾರ್ಡು ನಡೆಯುವ ಡಾಕ್ಟರು

ನಾಗಪುರದ ಸೆಮಿನರಿ ಹಿಲ್ಸ್ ಸರ್ಕಾರಿ ಕ್ವಾರ್ಟರ್ಸಿನಲ್ಲಿ ತೊಂಬತ್ತರ ದಶಕ ಕಳೆದ ಯಾರ ಮುಂದಾದರೂ ಗಿರಿಧರರಾಯರ ಹೆಸರೆತ್ತಿ ನೋಡಿ, ಅವರ ಮುಖ ಅರಳುತ್ತದೆ. ರಾಯರು ದೊಡ್ಡ ಮನುಷ್ಯರೇನಲ್ಲ, ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ಆದರೆ ಅರ್ಜಿ ಬರೆಯುವುದರಲ್ಲಿ ಅವರ ಸರಿಸಮ ಯಾರೂ ಇರಲಿಲ್ಲ. ಕೇಂದ್ರದ ನೌಕರರಿಗೆ ಪುಕ್ಕಟೆ ಚಿಕಿತ್ಸೆ ಕೊಡಿಸುವ ಆರೋಗ್ಯದ ಕಾರ್ಡಿಗೆ ಮಗುವಿನ ಹೆಸರು ಸೇರಿಸಬೇಕೆ, ಅತ್ತೆಯ ಕಣ್ಣಿನ ಆಪರೇಶನ್ನಿಗೆ ಮಂಜೂರಾತಿ ಬೇಕೆ, ಜನ ನೇರ ಅವರ ವರಾಂಡಕ್ಕೆ ಬರುತ್ತಿದ್ದರು. ಇಂಗ್ಲಿಷು, ಹಿಂದಿ, ಮರಾಠಿ, ಯಾವ ಭಾಷೆಯಲ್ಲಿ ಕೇಳಿದರೆ ಆ ಭಾಷೆಯಲ್ಲಿ ಅರ್ಜಿ ಸಿದ್ಧ. ಬಂದ ಒಂದು ಕಾಗದವನ್ನೂ ಅವರು ಹರಿದು ಎಸೆದವರಲ್ಲ.

ಅರ್ಜಿ ರಾಯರದಾದರೆ ಮಾತು ಅವರ ಹೆಂಡತಿ ಕೃಷ್ಣವೇಣಿಯದು. ನರಗುಂದದ ಕಡೆಯ ಹೆಣ್ಣುಮಗಳು, ಮದುವೆಯಾಗಿ ನಾಗಪುರಕ್ಕೆ ಬಂದು ಹದಿನಾರು ವರ್ಷವಾಗಿತ್ತು. ಆಕೆಯ ಮರಾಠಿ ತರಕಾರಿ ಗಾಡಿಯಿಂದಾಚೆ ಒಂದು ಹೆಜ್ಜೆ ಹೋಗಿರಲಿಲ್ಲ. ಅದರಿಂದ ಆಕೆಗೇನೂ ತೊಂದರೆಯಾಗಲಿಲ್ಲ. ಆಕೆ ಎಲ್ಲರ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದಳು, ಕೊನೆಗೆ ತರಕಾರಿಯವನೇ ಸೋತು ಬದನೀಕಾಯಿ, ಸವತೀಕಾಯಿ ಎಂದು ಕೂಗಲು ಕಲಿತ. ಭಾನುವಾರ ಅರ್ಜಿಗೆಂದು ಬಂದವರಿಗೆ ಒಗ್ಗರಣೆ ಅವಲಕ್ಕಿ ಕೊಟ್ಟು, ಅವರಿಗೆ ತಿಳಿಯಲಿ ಬಿಡಲಿ, ತನ್ನ ತವರಿನ ಸುದ್ದಿಯೆಲ್ಲ ಹೇಳಿ ಕಳಿಸುವಳು. ನಿವೃತ್ತರಾದ ಮೇಲೂ ರಾಯರಿಗೆ ಆ ದಿನಗಳೆಂದರೆ ಕೂಲರಿನ ಹಸಿ ಲಾವಂಚದ ವಾಸನೆ, ಸುಲಿದ ಕಿತ್ತಳೆಯ ಸಿಪ್ಪೆ, ಒಳಗಿನಿಂದ ನಿಲ್ಲದೆ ಬರುವ ಹೆಂಡತಿಯ ದನಿ. ಆಗ ಆ ದನಿ ಅವರಿಗೆ ಕಿವಿಗೆ ಬಿದ್ದೂ ಬೀಳದಂತಿತ್ತು. ಮನೆಯಲ್ಲಿ ಗಡಿಯಾರದ ಸದ್ದನ್ನು ಯಾರು ಕೇಳಿಸಿಕೊಳ್ಳುತ್ತಾರೆ?

ತೊಂಬತ್ತೇಳರ ಮಾರ್ಚಿನಲ್ಲಿ ಆ ದನಿ ನಿಂತುಹೋಯಿತು.

ಕ್ವಾರ್ಟರ್ಸಿನ ಬ್ಲಾಕುಗಳ ನಂಬರು ಅಂಚೆಯವರಿಗೂ ಬಿಡಿಸಲಾಗದ ಒಗಟು, ಹಾಗಾಗಿ ಊರಿನ ತಾರುಗಳೆಲ್ಲ ರಾಯರ ಕಚೇರಿಗೇ ಬರುತ್ತಿದ್ದವು. ಒಂದು ಸೋಮವಾರ ಹೆಂಡತಿಯ ತವರಿನಿಂದ ತಾರು ಬಂತು: ಅತ್ತೆಗೆ ಸೀರಿಯಸ್, ಕೂಡಲೇ ಹೊರಡಿ. ಮಗ ಅಭಿಜಿತನಿಗೆ ಹತ್ತನೆಯ ತರಗತಿಯ ಪರೀಕ್ಷೆ ನಡೆದಿತ್ತು, ಕೊನೆಯ ಪೇಪರು ಗುರುವಾರ. ರಾಯರು ಯೋಚಿಸಿದರು. ಹೇಳಿದರೆ ಆಕೆ ಅತ್ತು ಕರೆದು ಹೊರಡುತ್ತಾಳೆ, ಹುಡುಗನ ವರ್ಷ ಹಾಳಾಗುತ್ತದೆ. ಅತ್ತೆಗೆ ಹಿಂದೆಯೂ ಎರಡು ಸಲ ಸೀರಿಯಸ್ ಆಗಿತ್ತು, ಎರಡು ಸಲವೂ ಎದ್ದು ಕೂತು ಶಾವಿಗೆ ಹೊಸೆದಿದ್ದರು. ಮೂರು ದಿನದಲ್ಲಿ ಏನಾದೀತು ಎಂದು ತಾರನ್ನು ಕಚೇರಿಯ ಚೀಲದಲ್ಲಿಟ್ಟುಕೊಂಡರು. ಬುಧವಾರ ಎರಡನೆಯ ತಾರು ಬಂತು. ಗುರುವಾರ ಮಧ್ಯಾಹ್ನ, ಮಗ ಪೇಪರು ಮುಗಿಸಿ ಬಂದ ಮೇಲೆ, ರಾಯರು ಹೆಂಡತಿಯ ಮುಂದೆ ಕೂತು ಅತ್ತೆ ತೀರಿಹೋದ ಸುದ್ದಿ ಹೇಳಿದರು. ಊರಿನವರು ಮೊದಲೇ ತಿಳಿಸಬಾರದಿತ್ತೇ ಎಂದು ಆಕೆ ಕೇಳಿದ್ದಕ್ಕೆ, ತಾರು ತಡವಾಯಿತು ಎಂದರು.

ದಿನಕರ್ಮ ಮುಗಿಸಿಕೊಂಡು ಬಂದ ಕೃಷ್ಣವೇಣಿ ಬೇರೆಯೇ ಆಗಿದ್ದಳು. ಅಡಿಗೆ, ಕಸ, ಮುಸುರೆ ಎಲ್ಲ ವೇಳೆಗೆ ಸರಿಯಾಗಿ ನಡೆಯುತ್ತಿತ್ತು, ಮಾತಿಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ. ತರಕಾರಿಯವನು ಬದನೀಕಾಯಿ ಎಂದು ಕೂಗಿ ಕೂಗಿ ಮುಂದೆ ಹೋಗುತ್ತಿದ್ದ. ಮೈ ಇಳಿದು ಕುಪ್ಪಸ ಸಡಿಲಾಯಿತು. ತಾಯಿ ಹೋದ ದುಃಖ, ನಾಲ್ಕು ದಿನ ಇದ್ದು ಹೋಗುತ್ತದೆ ಎಂದುಕೊಂಡ ರಾಯರಿಗೆ ಮಳೆಗಾಲ ಹಿಡಿಯುವ ಹೊತ್ತಿಗೆ ಹೆದರಿಕೆ ಹುಟ್ಟಿತು. ಈಕೆ ಹೀಗೇ ಕರಗಿ ಹೋಗಿಬಿಟ್ಟರೆ?

ಹೆದರಿದ ರಾಯರು ತಮಗೆ ಗೊತ್ತಿದ್ದನ್ನೇ ಮಾಡಿದರು, ಕಾರ್ಡು ತೆಗೆದರು. ನಮ್ಮ ಕಾಲನಿಯ ಸರ್ಕಾರಿ ಡಿಸ್ಪೆನ್ಸರಿಯ ಪದ್ಧತಿ ಹೀಗಿತ್ತು: ದೊಡ್ಡ ಡಾಕ್ಟರನ್ನು ಕಾಣಲು ಇಲ್ಲಿಂದ ಚೀಟಿ ಬೇಕು, ಚೀಟಿ ತಯಾರಾದಾಗ ಜವಾನ ಪಡಸಾಲೆಯ ನಡುವೆ ನಿಂತು ಹೆಸರಿನ ಜೊತೆ ವಿಭಾಗವನ್ನೂ ಕೂಗುತ್ತಿದ್ದ. ಯಾರಿಗೆ ಮೂಲವ್ಯಾಧಿ, ಯಾರಿಗೆ ಗರ್ಭಕೋಶದ ತೊಂದರೆ ಎಂದು ಇಡೀ ಕಾಲನಿಗೆ ಗೊತ್ತು. ಅಲ್ಲಿ ಮನಸ್ಸಿನ ಡಾಕ್ಟರೆಂದು ಕೂಗಿಸಿಕೊಳ್ಳುವುದುಂಟೆ? ರಾಯರು ತಲೆನೋವು ಎಂದು ಬರೆಸಿದರು. ತಲೆನೋವಿನ ಚೀಟಿ ಕೃಷ್ಣವೇಣಿಯನ್ನು ಕಿವಿ ಮೂಗಿನವರ ಹತ್ತಿರ ಕಳಿಸಿತು, ಅವರು ಕಣ್ಣಿನವರ ಹತ್ತಿರ, ಅವರು ನರದವರ ಹತ್ತಿರ. ಎರಡು ತಿಂಗಳಲ್ಲಿ ಆಕೆಗೆ ಒಂದು ಕನ್ನಡಕ, ಕುತ್ತಿಗೆಗೆ ಒಂದು ಪಟ್ಟಿ, ದಿನಕ್ಕೆ ಮೂರು ಗುಳಿಗೆ. ಎಲ್ಲ ಕಾರ್ಡಿನ ಮೇಲೆ, ಒಂದು ಆಕ್ಷೇಪಣೆಯಿಲ್ಲದೆ! ನಮ್ಮ ರಾಯರ ಜಾಣತನಕ್ಕೆ ಏನೆನ್ನಬೇಕು.

ಕೊನೆಗೆ ಡಿಸ್ಪೆನ್ಸರಿಯ ಮುದುಕ ಡಾಕ್ಟರೇ ಬೈದರು, ಇವರಿಗೆ ಬೇಕಾದದ್ದು ಕೂತು ಮಾತಾಡಿಸುವವರು ಎಂದು. ರಾಯರು ಹುಡುಕತೊಡಗಿದರು. ಧರಮಪೇಠದ ಲೇಡಿ ಡಾಕ್ಟರೊಬ್ಬರು ಒಳ್ಳೆಯವರಂತೆ, ಆದರೆ ಕಾರ್ಡು ಒಪ್ಪುವುದಿಲ್ಲ. ಕಾರ್ಡು ಒಪ್ಪುವ ಸರ್ಕಾರಿ ಹುಚ್ಚಾಸ್ಪತ್ರೆಯ ಹೆಸರು ಹೇಳಿದರೆ ಕಾಲನಿಯ ಮಕ್ಕಳು ನಗುತ್ತಾರೆ. ಕನ್ನಡದವರು ಯಾರಾದರೂ ಸಿಕ್ಕಾರೆಯೇ ಎಂದು ಕಾಮ್ಟಿ ದಂಡುಪ್ರದೇಶದಲ್ಲಿದ್ದ ಪರಿಚಯದ ಸುಬೇದಾರ ಪೊನ್ನಪ್ಪನವರನ್ನು ಕೇಳಿದರು.

"ನಮ್ಮ ಮಿಲಿಟರಿ ಆಸ್ಪತ್ರೆಯಲ್ಲಿ ಮೈಸೂರಿನವರೊಬ್ಬರು ಇದ್ದಾರೆ ರಾಯರೇ. ಬಹಳ ಸಮಾಧಾನದ ಮನುಷ್ಯ. ಆದ್ರೆ ನಿಮ್ಮ ಕಾರ್ಡು ಅಲ್ಲಿ ನಡೆಯೋಲ್ಲ" ಎಂದರು ಪೊನ್ನಪ್ಪ.

ರಾಯರು ಅದಕ್ಕೂ ಮೂರು ಅರ್ಜಿ ಬರೆದರು. ಮೂರೂ ತಿರಸ್ಕೃತವಾಗಿ ಬಂದವು. ಉಳಿದದ್ದು ಕಾರ್ಡು ನಡೆಯುವ ಮನಸ್ಸಿನ ಡಾಕ್ಟರರ ಪಟ್ಟಿಯಲ್ಲಿದ್ದ ಒಂದೇ ಹೆಸರು, ರಾಮದಾಸಪೇಠದ ಡಾಕ್ಟರ್ ಮೃಣಾಲಿನಿ. ಕಾರ್ಡಿನ ಮೇಲೆ ಹತ್ತು ಭೇಟಿ, ಅವರಿಗೆ ಬರುವುದು ಮರಾಠಿ ಮತ್ತು ಹಿಂದಿ. ಅಕ್ಟೋಬರಿನ ಒಂದು ಬೆಳಿಗ್ಗೆ ಜವಾನ ತುಂಬಿದ ಪಡಸಾಲೆಯಲ್ಲಿ "ಮಾನಸಿಕ್" ಎಂದು ಕೂಗಿದಾಗ, ಆ ಜನರಲ್ಲಿ ಅರ್ಧಕ್ಕರ್ಧ ಮಂದಿಗೆ ಅರ್ಜಿ ಬರೆದುಕೊಟ್ಟಿದ್ದ ರಾಯರು ತಲೆ ತಗ್ಗಿಸಿ ಹೋಗಿ ಚೀಟಿ ತೆಗೆದುಕೊಂಡರು. ಅವರು ಹೆದರಿದಷ್ಟು ಯಾರೂ ತಿರುಗಿ ನೋಡಲಿಲ್ಲ.

ಡಾಕ್ಟರ ಕೋಣೆಯಲ್ಲಿ ಗಂಡ ಹೊರಗೆ ಕೂರುವುದು ನಿಯಮ. ಆದರೆ ಕೃಷ್ಣವೇಣಿಯ ಮರಾಠಿ ಅಲ್ಲಿಯವರೆಗೆ ಮುಟ್ಟುವುದಿಲ್ಲವಲ್ಲ, ದುಭಾಷಿಯಾಗಿ ರಾಯರೇ ನಡುವೆ ಕೂತರು. ಮೊದಲ ಭೇಟಿಯಲ್ಲಿ ಆಕೆ ತುಟಿ ಬಿಚ್ಚಲಿಲ್ಲ. ಎರಡನೆಯ ಭೇಟಿಯಲ್ಲಿ ಡಾಕ್ಟರು, ನಿಮ್ಮ ತಾಯಿ ಹೇಗಿದ್ದರು ಎಂದು ಕೇಳಿದರು. ರಾಯರು ಕನ್ನಡದಲ್ಲಿ ಕೇಳಿದರು. ಕೃಷ್ಣವೇಣಿ ಗಂಡನ ಕಡೆ ನೋಡದೆ, ಡಾಕ್ಟರ ಮುಖವನ್ನೇ ನೋಡುತ್ತ ಹೇಳತೊಡಗಿದಳು.

"ನಮ್ಮವ್ವ ಮೂರು ದಿನಾ ಬಾಗಲಾ ನೋಡಿಕೋತ ಮಲಗಿದ್ಲಂತ. ವೇಣಿ ಬಂದ್ಲೇನು, ವೇಣಿ ಬಂದ್ಲೇನು ಅಂತ ಕೇಳತಿದ್ಲಂತ. ತಾರು ತಡಾ ಆಗಿದ್ದಿಲ್ಲ. ಊರಿಂದ ಬಂದು ಇವರ ಚೀಲಾ ಒಗ್ಯಾಕ ತಗೊಂಡೆ, ಎರಡೂ ತಾರು ಅದರಾಗ ಇದ್ದವು. ಒಂದರ ಮ್ಯಾಲೆ ಸೋಮವಾರದ ಶಿಕ್ಕಾ ಇತ್ತು. ಮುಚ್ಚಿಟ್ಟಿದ್ದಕ್ಕ ಸಿಟ್ಟು ಬಂತು, ಅದು ಎಂದಾದ್ರೂ ಹೋದೀತು. ಏಳು ತಿಂಗಳಾತು, ಒಂದು ದಿನಾನೂ ಇವರು ಬಾಯಿಬಿಟ್ಟು ಹೇಳಲಿಲ್ಲ. ನನಗ ಕನ್ನಡಕಾ ಹಾಕಿಸಿದರು."

ಡಾಕ್ಟರು ಕಾಯುತ್ತಿದ್ದರು. ತಾಯಿಯ ನೆನಪು ಬಹಳ ಕಾಡುತ್ತದಂತೆ ಎಂದಷ್ಟೇ ರಾಯರು ಮರಾಠಿಯಲ್ಲಿ ಹೇಳಿದರು.

"ನಾಹಿ" ಎಂದಳು ಕೃಷ್ಣವೇಣಿ. "ಪೂರಾ ಸಾಂಗಾ."

ತರಕಾರಿ ಗಾಡಿಯ ಮರಾಠಿಗೆ ಅಷ್ಟು ಸಾಕಾಗಿತ್ತು. ರಾಯರು ಪೂರಾ ಹೇಳಿದರು. ಸೋಮವಾರದ ತಾರು, ಚೀಲ, ಬಾಗಿಲು ನೋಡುತ್ತ ಮಲಗಿದ ಮುದುಕಿ, ಹೇಳಿದ ಸುಳ್ಳು, ಕನ್ನಡಕ, ಒಂದೂ ಬಿಡಲಿಲ್ಲ. ಮರಾಠಿಯಲ್ಲಿ ಅದು ಯಾರೋ ಬೇರೆಯವರ ಪರವಾಗಿ ಬರೆದ ಅರ್ಜಿಯಂತೆ ಸಲೀಸಾಗಿ ಬಂತು, ಅದಕ್ಕೇ ಅವರಿಗೆ ತಮ್ಮ ಮೇಲೆಯೇ ನಾಚಿಕೆಯಾಯಿತು. ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಕೃಷ್ಣವೇಣಿ ಕೈಯೆತ್ತಿ ಅವರನ್ನು ತಡೆದು, ಊರಿಂದ ಬಂದ ಮೇಲೆ ಮೊದಲ ಸಲ ಗಂಡನ ಕಡೆ ಪೂರ್ತಿ ತಿರುಗಿದಳು.

"ಈಗ ಅದನ್ನ ಕನ್ನಡದಾಗ ಹೇಳ್ರಿ. ನನಗ ಹೇಳ್ರಿ."

ಮೂರು ಭಾಷೆಗಳಲ್ಲಿ ಅರ್ಜಿ ಬರೆಯುವ ಮನುಷ್ಯನಿಗೆ ತಾಯಿನುಡಿಯ ಒಂದು ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು. ಗೋಡೆಯ ಕಡೆ ನೋಡಿದರು, ಚೀಟಿ ಮಡಿಚಿದರು, ಮತ್ತೆ ಬಿಚ್ಚಿದರು. ಆಮೇಲೆ ಕಣ್ಣು ತುಂಬಿಕೊಂಡು ಹೇಳಿದರು.

"ವೇಣಿ, ತಾರು ಸೋಮವಾರನ ಬಂದಿತ್ತು. ನಿಮ್ಮವ್ವ ಇನ್ನೂ ಇದ್ರು. ನಾನ ಹೇಳಲಿಲ್ಲ. ನಂದು ತಪ್ಪಾತು."

ಕೃಷ್ಣವೇಣಿ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು, ಮೈಯೆಲ್ಲ ಅಲುಗುವಂತೆ ಅತ್ತಳು. ಮುಖ ಒರೆಸಿಕೊಂಡ ಮೇಲೆ, "ಇನ್ನೊಮ್ಮೆ ಹೇಳ್ರಿ" ಎಂದಳು.

ರಾಯರು ಇನ್ನೊಮ್ಮೆ ಹೇಳಿದರು.