ಖಾಲಿ ಮನೆಗೆ ಹಾಕಿದ ಸೊನ್ನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಲಿಗೆ ಮಿಷನ್ ಮಾರುವ ಕಂಪನಿಯ ಮೂರನೇ ಮಹಡಿಯಲ್ಲಿ ಇಬ್ಬರೇ ಹೆಂಗಸರಿದ್ದಾರೆ. ಒಬ್ಬರು ನೆಲ ಒರೆಸುತ್ತಿದ್ದಾರೆ, ಇನ್ನೊಬ್ಬರು ಕಂಪ್ಯೂಟರ್ ಮುಂದೆ ಕೂತು ಅಂಕಿ ಒರೆಸುತ್ತಿದ್ದಾರೆ. ನೆಲ ಒರೆಸುವವರು ಬಕೆಟ್ಟನ್ನು ಕಾಲಲ್ಲಿ ತಳ್ಳಿಕೊಂಡು ಬಂದು "ಕಾಲೆತ್ತಮ್ಮ" ಅನ್ನುತ್ತಾರೆ. ಕೂತವರು ಪರದೆಯಿಂದ ಕಣ್ಣು ಕೀಳದೆ ಎರಡೂ ಕಾಲು ಎತ್ತುತ್ತಾರೆ, ನೆಲ ಒಣಗುವ ತನಕ ಹಾಗೇ ಕೂತಿರುತ್ತಾರೆ. "ನಿನ್ನ ಕಸ ಮುಗೀತಾ?" ಅಂತ ಒಬ್ಬರು ಕೇಳಿದರೆ, "ನನ್ನ ಕಸಕ್ಕೆ ಕೊನೆ ಎಲ್ಲಿ" ಅಂತ ಇನ್ನೊಬ್ಬರ ಉತ್ತರ. ದಿನಾ ಇದೇ ಮಾತಂತೆ.

ಕಾಲೆತ್ತಿ ಕೂತವರ ಬಗ್ಗೆಯೇ ಈ ವಾರದ ಬರಹ. ಕಚೇರಿಯಲ್ಲಿ ಅವರಿಗೆ ಕೊಂಡಿಯಕ್ಕ ಅಂತ ಹೆಸರಿಟ್ಟಿದ್ದಾರೆ, ಯಾಕೆಂದರೆ ಅವರ ಕೆಲಸವೇ ಕೊಂಡಿ ಹಾಕುವುದು. ಕಂಪನಿಯ ಜಾಹೀರಾತು, ಮಾರಾಟ, ಗಿರಾಕಿಗಳ ಓಡಾಟ ಇವುಗಳ ಲೆಕ್ಕ ಬೇರೆ ಬೇರೆ ಕಡೆಯಿಂದ ಬಂದು ಬೀಳುತ್ತದೆ. ಅದನ್ನೆಲ್ಲ ಒಂದಕ್ಕೊಂದು ಜೋಡಿಸಿ, ಕಂಪನಿ ಇಟ್ಟುಕೊಂಡಿರುವ ಎಐ ಸಹಾಯಕನ ಕೈಗೆ ಕೊಡಬೇಕು. ಆ ಸಹಾಯಕನಿಗೂ ಒಂದು ಅಡ್ಡಹೆಸರಿದೆ, ಜಾಣಪ್ಪ. ಮಾರ್ಕೆಟಿಂಗ್ ಮುಖ್ಯಸ್ಥರು ಬಂದು ಕೋಟು ಕಳಚಿ, "ಕಳೆದ ವಾರ ಯಾವ ಜಾಹೀರಾತು ಕೆಲಸ ಮಾಡಿತು?" ಅಂತ ಟೈಪ್ ಮಾಡಿದರೆ ಸಾಕು, ಚಿಟಿಕೆ ಹೊಡೆಯುವುದರೊಳಗೆ ಜಾಣಪ್ಪ ಉತ್ತರ ಕೊಡುತ್ತಾನೆ. ಬೇಕಿದ್ದರೆ ನಕ್ಷೆ ಬಿಡಿಸಿ ತೋರಿಸುತ್ತಾನೆ. ಎಲ್ಲರೂ ಜಾಣಪ್ಪನನ್ನು ಹೊಗಳಿ ಕಾಫಿ ಕುಡಿಯಲು ಹೋಗುತ್ತಾರೆ.

ಗೋಡೆಯ ಮೇಲೆ "ಆಳವಾದ ಒಳನೋಟ" ಅಂತ ದೊಡ್ಡ ಅಕ್ಷರದ ಫಲಕವಿದೆ. ಅದರ ಕೆಳಗೇ ಕೊಂಡಿಯಕ್ಕನ ಕುರ್ಚಿ. ಆ ಕುರ್ಚಿಗೆ ಒಂದು ಕೈ ಇಲ್ಲ, ಕೇಳಿ ಕೇಳಿ ಸುಮ್ಮನಾಗಿದ್ದಾರೆ.

"ಏಳು ಕಡೆಯಿಂದ ಲೆಕ್ಕ ಬರುತ್ತೆ, ಏಳೂ ಏಳು ಥರ," ಅನ್ನುತ್ತಾರೆ. "ಅಂಗಡಿಯವರು ತಿಂಗಳು ಮೊದಲು ಬರೀತಾರೆ, ಫೋನ್ ಜಾಹೀರಾತಿನವರು ತಾರೀಖು ಮೊದಲು. ಒಬ್ಬರು ತೆರಿಗೆ ಸೇರಿಸಿ ಮಾರಾಟ ಅಂತಾರೆ, ಇನ್ನೊಬ್ಬರು ಬಿಟ್ಟು. ಒಬ್ಬಳೇ ಗಿರಾಕಿ ಮೂರು ಹೆಸರಲ್ಲಿ ಬಂದಿರ್ತಾಳೆ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನೋ ಕಥೆ. ಎಲ್ಲರನ್ನೂ ಒಂದೇ ನೊಗಕ್ಕೆ ಕಟ್ಟಬೇಕು ನೋಡಿ."

ಕಟ್ಟಿದರಷ್ಟೇ ಸಾಲದು. ಪ್ರತಿ ಲೆಕ್ಕಕ್ಕೂ ಜಾಣಪ್ಪನಿಗೆ ಅಂತ ಒಂದೊಂದು ಟಿಪ್ಪಣಿ ಬರೆಯಬೇಕು. ಇದು ಅಂಗಡಿಯ ಮಾರಾಟ, ಇದರಲ್ಲಿ ವಾಪಸು ಬಂದ ಮಿಷನ್ ಸೇರಿಲ್ಲ, ಇದನ್ನು ಅದರ ಜೊತೆ ಕೂಡಿಸಬೇಡ, ಹೀಗೆ. ಹೊಸ ಸೊಸೆಗೆ ಮನೆಯ ಡಬ್ಬಗಳನ್ನು ತೋರಿಸಿದ ಹಾಗೆ ಒಂದೊಂದನ್ನೂ ಹೇಳಿಕೊಡಬೇಕು. "ಜಾಣಪ್ಪ ಜಾಣನೇ, ಇಲ್ಲ ಅನ್ನಲ್ಲ. ಆದ್ರೆ ಪಾಪ, ಅಂಗಡಿ ಮೆಟ್ಟಿಲು ಹತ್ತಿದವನಲ್ಲ. ನಾವೇನು ಬರೆದ್ವೋ ಅದೇ ಅವನ ಪ್ರಪಂಚ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂತಾನೆ." ಹೇಳುತ್ತಾ ನಗುತ್ತಾರೆ. ಆಮೇಲೆ ಯಾಕೋ ನಗು ಅರ್ಧಕ್ಕೇ ನಿಲ್ಲುತ್ತದೆ.

ಎಲೆಮರೆಯ ಕಾಯಿ ಅಂತ ನಿಮ್ಮ ಬಗ್ಗೆ ಬರೆಯುತ್ತೇವೆ ಅಂದಾಗ ಅವರು ಒಪ್ಪಿಕೊಂಡಿರಲಿಲ್ಲ. ಎರಡು ಸಲ ಬೇಡ ಅಂದರು. ಮೂರನೇ ಸಲ, "ಬರೀರಿ, ಆದ್ರೆ ನನ್ನ ಚಿಕ್ಕಮ್ಮನ ವಿಷಯ ಬರೀದೇ ನನ್ನ ವಿಷಯ ಬರೀಬಾರದು," ಅಂತ ಷರತ್ತು ಹಾಕಿದರು. ಹೊಗಳಿಕೆ ಬರೆಯಲು ಹೋದ ನಮ್ಮ ಕೈಗೆ ಸಿಕ್ಕಿದ್ದು ಒಂದು ಪಶ್ಚಾತ್ತಾಪ.

ಚಿಕ್ಕಮ್ಮ ಅಂದರೆ ಕೊಂಡಿಯಕ್ಕನ ತಾಯಿಯ ತಂಗಿ. ಇದೇ ಕಂಪನಿಯಲ್ಲಿ ವರ್ಷಾನುಗಟ್ಟಲೆ ದುಡಿದವರು. ಒಂದು ದೊಡ್ಡ ಅಂಗಡಿಯ ಮೂಲೆಯಲ್ಲಿ ಅವರದೊಂದು ಪುಟ್ಟ ಮೇಜು, ಮೇಜಿನ ಮೇಲೆ ಒಂದು ಮಿಷನ್, ಪಕ್ಕದಲ್ಲಿ ತುಂಡುಬಟ್ಟೆಗಳ ಬುಟ್ಟಿ. ಹೋಗಿಬರುವವರನ್ನು ಕರೆದು ಕೂರಿಸಿ ಹೊಲಿಸುವುದು ಅವರ ಕೆಲಸ. ಇಂಥ ಮೂಲೆಗಳು ಹಲವು ಅಂಗಡಿಗಳಲ್ಲಿದ್ದವು. ಎಲ್ಲರೂ ತಾವೇ ಹೊಲಿದು ತೋರಿಸುತ್ತಿದ್ದರೆ ಚಿಕ್ಕಮ್ಮ ಮಾತ್ರ ಮಿಷನ್ ಮುಟ್ಟುತ್ತಿರಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು ಬರೀ ಬಾಯಲ್ಲಿ ಹೇಳುತ್ತಿದ್ದರು. "ನಾವು ಹೊಲಿದು ತೋರಿಸಿದ್ರೆ ಭೇಷ್ ಅಂದು ಹೋಗ್ತಾರೆ. ಅವರೇ ಒಂದು ಗೀಟು ಹೊಲಿದ್ರೆ ಆ ಬಟ್ಟೆ ತುಂಡನ್ನ ಚೀಲದಲ್ಲಿಟ್ಕೊಂಡು ಹೋಗ್ತಾರೆ," ಅನ್ನುವುದು ಅವರ ಲೆಕ್ಕಾಚಾರ.

ಹಾಗೆ ತುಂಡು ಇಟ್ಟುಕೊಂಡು ಹೋದವರು ಅಲ್ಲೇ ಮಿಷನ್ ಕೊಳ್ಳುತ್ತಿರಲಿಲ್ಲ. ಹೊಲಿಗೆ ಮಿಷನ್ ಏನು ಸೋಪೇ, ಎತ್ತಿ ಬುಟ್ಟಿಗೆ ಹಾಕಿಕೊಳ್ಳಲು? ಮನೆಗೆ ಹೋಗಿ ಕಿಟಕಿ ಪಕ್ಕ ಜಾಗ ಅಳೆಯಬೇಕು, ಮನೆಯವರ ಹತ್ತಿರ ಮಾತಾಡಬೇಕು, ಒಂದೆರಡು ತಿಂಗಳು ಯೋಚಿಸಬೇಕು. ಆಮೇಲೆ ಒಂದು ದಿನ ಫೋನಿನಲ್ಲೇ ಆರ್ಡರ್ ಮಾಡಿಬಿಡುತ್ತಾರೆ. ಅವರನ್ನು ಮೊದಲು ಆ ಕುರ್ಚಿಯಲ್ಲಿ ಕೂರಿಸಿದವರು ಯಾರು ಅಂತ ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಕೊಂಡಿಯಕ್ಕನನ್ನು ಈ ಕಂಪನಿಗೆ ಕರೆತಂದವರೂ ಚಿಕ್ಕಮ್ಮನೇ. "ನಮ್ಮಕ್ಕನ ಮಗಳು. ಕೈ ಚುರುಕು, ಬಾಯಿ ಕಡಿಮೆ, ಎಲ್ಲಾದರೂ ಕೂರಿಸಿ," ಅಂತ ಹಳೆಯ ಮ್ಯಾನೇಜರ ಮುಂದೆ ನಿಂತು ಕೇಳಿದ್ದರಂತೆ. ಬಿಲ್ಲು ಟೈಪ್ ಮಾಡಲು ಸೇರಿದವರು ಮೆಲ್ಲಮೆಲ್ಲನೆ ಲೆಕ್ಕ ಜೋಡಿಸುವ ಕೆಲಸ ಕಲಿತರು. ಕತ್ತು ನೋವು, ಕಣ್ಣಿನ ಉರಿ ಸಂಬಳದ ಜೊತೆಗೇ ಬಂದವು. ಅವರ ಯಜಮಾನರನ್ನು ಹೆಂಡತಿಯ ಕೆಲಸ ಏನು ಅಂತ ಕೇಳಿ ನೋಡಿದೆವು. "ಜೋಡಿಸ್ತಾಳೆ. ಏನನ್ನ ಅಂತ ಮಾತ್ರ ಕೇಳಬೇಡಿ, ಅವಳು ಹೇಳಕ್ಕೆ ಶುರು ಮಾಡಿದ್ರೆ ಅನ್ನ ಆರಿಹೋಗುತ್ತೆ," ಅಂದರು.

ಈಗ ಆ ಸೊನ್ನೆಯ ವಿಷಯ. ಜಾಣಪ್ಪ ಹೊಸದಾಗಿ ಬಂದಿದ್ದ ಕಾಲ. ಅವತ್ತು ಕಂಪನಿಯ ಹಿರಿಯರೆಲ್ಲ ಸೇರಿ ಅವನ ಜಾಣತನ ನೋಡುವವರಿದ್ದರು. ಬೆಳಗ್ಗೆ ಕೊಂಡಿಯಕ್ಕ ಕೂತು ಎಲ್ಲ ಜೋಡಿಸಿದರೆ ಒಂದು ಪಟ್ಟಿ ಮಾತ್ರ ಒಳಗೆ ಹೋಗಲೊಲ್ಲದು, ಕೆಂಪು ಗುರುತು ತೋರಿಸಿ ಹಟ ಹಿಡಿದಿತ್ತು. ಯಾವ ಪ್ರಚಾರದಿಂದ ಎಷ್ಟು ಮಾರಾಟ ಆಯಿತು ಅನ್ನುವ ಪಟ್ಟಿ ಅದು. ಫೋನ್ ಜಾಹೀರಾತಿನ ಮುಂದೆ ಅಂಕಿ ಇತ್ತು, ಕೂಪನ್ ಮುಂದೆ ಅಂಕಿ ಇತ್ತು. ಅಂಗಡಿ ಮೂಲೆಯ ಮುಂದಿನ ಚೌಕದ ಮನೆಗಳಷ್ಟೂ ಖಾಲಿ. ಅದನ್ನು ಯಾರೂ ಎಣಿಸಿಯೇ ಇರಲಿಲ್ಲವಲ್ಲ. ಖಾಲಿ ಬಿಟ್ಟರೆ ಪಟ್ಟಿ ತೂರುವುದಿಲ್ಲ, ಏನಾದರೊಂದು ಅಂಕಿ ಬೇಕೇ ಬೇಕು.

"ಸೊನ್ನೆ ಹಾಕಿದೆ," ಅನ್ನುತ್ತಾರೆ ಕೊಂಡಿಯಕ್ಕ. "ಕೆಂಪು ಹೋಯ್ತು, ಹಸಿರು ಬಂತು. ಆಮೇಲೆ ಸರಿಮಾಡೋಣ ಅಂದ್ಕೊಂಡೆ. ಆ ಆಮೇಲೆ ಅನ್ನೋದು ಬರಲೇ ಇಲ್ಲ. ಎಣಿಸಿಲ್ಲ ಅನ್ನೋದು ಬೇರೆ, ಏನೂ ಇಲ್ಲ ಅನ್ನೋದು ಬೇರೆ. ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಗೊತ್ತಿದ್ದೂ ಹಾಕಿದೆ."

ಸಭೆಯಲ್ಲಿ ಮುಖ್ಯಸ್ಥರು ಜಾಣಪ್ಪನನ್ನು ಕೇಳಿದರು, ನಮ್ಮ ಖರ್ಚು ಎಲ್ಲಿ ಪೋಲಾಗುತ್ತಿದೆ? ಜಾಣಪ್ಪ ಬಹಳ ವಿನಯದಿಂದ ಹೇಳಿದ, ಅಂಗಡಿ ಮೂಲೆಗಳಲ್ಲಿ. ಬಾಡಿಗೆ ಇದೆ, ಸಂಬಳ ಇದೆ, ಮಾರಾಟ ಒಂದೂ ಇಲ್ಲ. ನಕ್ಷೆಯನ್ನೂ ಬಿಡಿಸಿದ. ಅದರಲ್ಲಿ ಬೇರೆಲ್ಲದರ ಕಂಬಗಳು ಎದ್ದು ನಿಂತಿದ್ದವು, ಮೂಲೆಯದು ನೆಲಕ್ಕೆ ಅಂಟಿಕೊಂಡಿತ್ತು. ಕೆಲವೇ ವಾರಗಳಲ್ಲಿ ಮೂಲೆಗಳ ಮೇಜುಗಳನ್ನು ಎತ್ತಿಸಿಬಿಟ್ಟರು. ಚಿಕ್ಕಮ್ಮ ಬುಟ್ಟಿ ಎತ್ತಿಕೊಂಡು ಮನೆಗೆ ಹೋದರು.

ಆ ಹೊತ್ತಿನಲ್ಲಿ ಕೊಂಡಿಯಕ್ಕನಿಗೆ ತನ್ನ ಸೊನ್ನೆ ನೆನಪೇ ಆಗಲಿಲ್ಲ. ಕಂಪನಿ ಕಷ್ಟದಲ್ಲಿರಬೇಕು ಅಂತ ಚಿಕ್ಕಮ್ಮನಿಗೆ ಸಮಾಧಾನ ಹೇಳಿ ಬಂದರು. ತಿಂಗಳುಗಳು ಕಳೆದ ಮೇಲೆ, ಒಂದು ಬೆಳಗ್ಗೆ ಕಾಲೆತ್ತಿ ಕೂತಿದ್ದಾಗ ಕಣ್ಣಿಗೆ ಬಿದ್ದದ್ದು ಬೇರೊಂದು ಸಾಲು. ಎಲ್ಲಿಂದ ಬಂದರು ಅಂತ ತಿಳಿಯದ ಗಿರಾಕಿಗಳದ್ದೊಂದು ರಾಶಿ ಪ್ರತಿ ತಿಂಗಳೂ ಇರುತ್ತಿತ್ತು. ಯಾವ ಜಾಹೀರಾತನ್ನೂ ಒತ್ತದೆ ನೇರ ಬಂದು ಮಿಷನ್ ಕೊಳ್ಳುವವರು. ಮೇಜುಗಳು ಎದ್ದ ಮೇಲೆ ಆ ರಾಶಿ ಕರಗುತ್ತಾ ಬಂದಿತ್ತು.

"ನೆಲ ಒಣಗಿದ್ರೂ ಕಾಲು ಇಳಿಸಲಿಲ್ಲ ನಾನು," ಅನ್ನುತ್ತಾರೆ. "ಹಳೇ ಪಟ್ಟಿ ತೆಗೆದು ನೋಡಿದೆ. ಸಾಲಾಗಿ ಕೂತಿದಾವೆ ಸೊನ್ನೆ. ನನ್ನ ಕೈಯವೇ. ಕೈ ಹಿಡಿದು ಕೆಲಸಕ್ಕೆ ಸೇರಿಸಿದವರ ಕೆಲಸ ನಾನೇ ತೆಗೆದೆ ನೋಡಿ."

ಅವತ್ತೇ ಹೋಗಿ ಮುಖ್ಯಸ್ಥರಿಗೆ ಹೇಳಿದರು. ಮುಖ್ಯಸ್ಥರೂ ಈ ವಿಷಯ ಮುಚ್ಚಿಡುವುದಿಲ್ಲ. "ಅವರು ತಾವಾಗಿ ಬಂದು ಹೇಳಿದ್ರು. ತಪ್ಪು ಅವರೊಬ್ಬರದೇ ಅಲ್ಲ. ಅಷ್ಟು ವರ್ಷದಲ್ಲಿ ಒಬ್ಬರೂ ಕೊಳ್ಳದೇ ಇರ್ತಾರಾ ಅಂತ ನಾನಾದ್ರೂ ಕೇಳಬೇಕಿತ್ತು. ಉತ್ತರ ಅಷ್ಟು ನಯವಾಗಿ ಬಂತು, ಕೇಳಬೇಕು ಅನ್ನಿಸಲೇ ಇಲ್ಲ," ಅಂತ ಕೋಟಿನ ಗುಂಡಿ ತಿರುವುತ್ತಾ ಹೇಳುತ್ತಾರೆ. ಅಷ್ಟು ಹೊತ್ತಿಗೆ ಆ ಮೂಲೆಗಳನ್ನು ಅಂಗಡಿಯವರು ಬೇರೆಯವರಿಗೆ ಕೊಟ್ಟಾಗಿತ್ತು. ಚಿಕ್ಕಮ್ಮನ ಜಾಗದಲ್ಲಿ ಈಗ ಅತ್ತರಿನ ಸೀಸೆಗಳಿವೆ. ಕೋಟೆ ಸೂರೆಯಾದ ಮೇಲೆ ದಿಡ್ಡಿಬಾಗಿಲು ಹಾಕಿದ ಹಾಗಾಯಿತು.

ದಿಡ್ಡಿಬಾಗಿಲನ್ನಂತೂ ಗಟ್ಟಿಯಾಗಿಯೇ ಹಾಕಿದ್ದಾರೆ. ಖಾಲಿ ಮನೆ ಖಾಲಿಯಾಗಿಯೇ ಒಳಗೆ ಹೋಗುವಂತೆ ಹಟ ಹಿಡಿದು ಕೊಂಡಿಯನ್ನು ಬದಲಾಯಿಸಿದರು. ಜಾಣಪ್ಪನ ಟಿಪ್ಪಣಿಗಳಲ್ಲಿ ಈಗ ಮೊದಲ ಸಾಲೇ ಇದು: ಖಾಲಿ ಕಂಡರೆ ಅಲ್ಲಿ ಯಾರೂ ಎಣಿಸಿಲ್ಲ ಅಂತ ಅರ್ಥ, ಏನೂ ನಡೆದಿಲ್ಲ ಅಂತ ಅಲ್ಲ, ಗೊತ್ತಿಲ್ಲ ಅಂತ ಹೇಳು. ನಮ್ಮೆದುರಿಗೇ ಕೇಳಿ ತೋರಿಸಿದರು. ಜಾಣಪ್ಪ ಒಪ್ಪವಾಗಿ "ಇದನ್ನು ಎಣಿಸಿಲ್ಲ, ಹಾಗಾಗಿ ನನಗೆ ತಿಳಿಯದು" ಅಂದ. ಸಭೆಗಳಲ್ಲಿ ಈ ಉತ್ತರ ಬಂದಾಗ ಕೆಲವರಿಗೆ ಸಿಟ್ಟು ಬರುತ್ತದಂತೆ, ಇಷ್ಟು ಖರ್ಚು ಮಾಡಿ ತಂದಿದ್ದು ಗೊತ್ತಿಲ್ಲ ಅನ್ನಿಸಿಕೊಳ್ಳಲಿಕ್ಕಾ ಅಂತ. ಬರಲಿ ಬಿಡಿ. ಆ ಒಂದು "ಗೊತ್ತಿಲ್ಲ" ಅನ್ನುವ ಮಾತಿನ ಬೆಲೆ ಏನು ಅಂತ ಕೊಂಡಿಯಕ್ಕನಿಗೆ ಗೊತ್ತು.

ಆದರೆ ಅವರನ್ನು ಕೊರೆಯುತ್ತಿರುವುದು ಕಂಪನಿಯ ನಷ್ಟವಲ್ಲ. ಸತ್ಯ ಹೇಳಲು ಹೋದ ದಿನ ಚಿಕ್ಕಮ್ಮ ಪೂರ್ತಿ ಕೇಳಿಸಿಕೊಂಡು, "ನೀನ್ಯಾಕೆ ನೊಂದ್ಕೊಳ್ತೀಯ, ಸೊನ್ನೆ ಅಂತ ಕಂಪ್ಯೂಟರೇ ಹೇಳಿದ ಮೇಲೆ ಇರಬಹುದು. ನನಗೂ ಒಳಗೊಳಗೆ ಅನುಮಾನ ಇತ್ತು. ಬಂದವರೆಲ್ಲ ಹೊಲಿದು ಎದ್ದು ಹೋಗೋರೇ, ನನ್ನ ಕಣ್ಣೆದುರು ಕೊಂಡವರು ಯಾರೂ ಇಲ್ಲ," ಅಂದುಬಿಟ್ಟರು. ಸೊನ್ನೆ ಹಾಕಿದ್ದು ಕಂಪ್ಯೂಟರ್ ಅಲ್ಲ ಚಿಕ್ಕಮ್ಮ, ನಾನು, ಅಂತ ಎಷ್ಟು ಬಿಡಿಸಿ ಹೇಳಿದರೂ ತಲೆಯಾಡಿಸಿದರೇ ಹೊರತು ನಂಬಲಿಲ್ಲ. ಇವಳು ನನ್ನ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾಳೆ ಅಂತಲೇ ಅವರ ತೀರ್ಮಾನ.

"ಬೈದಿದ್ರೆ ಬೈಸ್ಕೊಂಡು ಹಗುರಾಗ್ತಿದ್ದೆ," ಅನ್ನುತ್ತಾರೆ ಕೊಂಡಿಯಕ್ಕ. "ಬೈಲಿಲ್ಲ. ನಾನು ಹಾಕಿದ ಸೊನ್ನೇನ ಅವರು ತಮ್ಮ ಹೆಸರಿಗೇ ಬರ್ಕೊಂಡ್ರು. ನನ್ನ ಆಸೆ ಅಂತೀರಾ? ನಿಮ್ಮನ್ನ ನೋಡಿಯೇ ಮಿಷನ್ ತಗೊಂಡೆ ಅಂತ ಯಾರಾದ್ರೂ ಒಬ್ಬರು ಅವರಿಗೆ ಹೇಳಬೇಕು. ಅಷ್ಟೇ."

ಆ ಒಬ್ಬರನ್ನು ಹುಡುಕುವ ದಾರಿಯನ್ನೂ ಅವರು ತಮ್ಮ ಕೆಲಸದಲ್ಲೇ ಕಂಡುಕೊಂಡಿದ್ದಾರೆ. ಮಿಷನ್ ಕೆಟ್ಟಾಗ ಗಿರಾಕಿಗಳು ಕರೆಮಾಡುವ ಸಹಾಯವಾಣಿಯ ಮಾತುಗಳನ್ನು ಎಂಟನೇ ಮೂಲವಾಗಿ ಜೋಡಿಸಲು ಅನುಮತಿ ಕೇಳಿ ಪಡೆದರು. ಕಂಪನಿಗೆ ಅದರಿಂದ ಬೇರೆ ಲಾಭಗಳಿವೆ, ಅವು ಬಂದಿವೆ ಕೂಡ. ಕೊಂಡಿಯಕ್ಕ ಮಾತ್ರ ಜಾಣಪ್ಪನಿಗೆ ದಿನಾ ಬೆಳಗ್ಗೆ ಒಂದೇ ಪ್ರಶ್ನೆ ಹಾಕುತ್ತಿದ್ದರು, ಅಂಗಡಿ ಮೂಲೆಯ ಮಾತೆತ್ತಿದವರು ಯಾರಾದರೂ ಇದ್ದಾರಾ? ದಿನಾ ಇಲ್ಲ ಅನ್ನುತ್ತಿದ್ದ ಜಾಣಪ್ಪ ಈ ವಾರ ಇದ್ದಾರೆ ಅಂದಿದ್ದಾನೆ.

ಭಾನುವಾರ ಮಧ್ಯಾಹ್ನ ಅವರ ಜೊತೆ ನಾವೂ ಚಿಕ್ಕಮ್ಮನ ಮನೆಗೆ ಹೋಗುತ್ತೇವೆ. ಎರಡನೇ ಮಹಡಿಯ ಒಂದು ಕೋಣೆ, ಕಿಟಕಿಗೆ ಒತ್ತಿಕೊಂಡು ಮಿಷನ್. ಅಕ್ಕಪಕ್ಕದವರ ಪ್ಯಾಂಟಿನ ಅಂಚು, ಪರದೆಯ ಅಂಚು ಹೊಲಿದುಕೊಡುತ್ತಾರೆ. ಕನ್ನಡಕ ತಲೆಯ ಮೇಲಿದೆ, ಮೇಜಿನ ಮೇಲೆಲ್ಲ ಅದನ್ನೇ ಹುಡುಕುತ್ತಿದ್ದಾರೆ. "ತಲೆ ಮೇಲಿದೆ ಚಿಕ್ಕಮ್ಮ," ಅಂದು ಕೊಂಡಿಯಕ್ಕ ಮಂಚದ ತುದಿಗೆ ಕೂರುತ್ತಾರೆ. ಧ್ವನಿಮುದ್ರಿಕೆಯನ್ನು ಕಚೇರಿಯ ಆಚೆ ತರುವ ಹಾಗಿಲ್ಲ, ಅದಕ್ಕೆ ಬಾಯಿಪಾಠ ಮಾಡಿಕೊಂಡು ಬಂದಿದ್ದಾರೆ. ಗಂಟಲು ಸರಿಮಾಡಿಕೊಂಡು ಆ ಗಿರಾಕಿಯ ಮಾತನ್ನು ಹಾಗೇ ಒಪ್ಪಿಸುತ್ತಾರೆ:

"ಆ ಅಂಗಡಿ ಮೂಲೇಲಿ ಒಬ್ಬರು ಇರ್ತಿದ್ರಲ್ಲ, ಕನ್ನಡಕ ತಲೆ ಮೇಲಿಟ್ಕೊಂಡು ಕನ್ನಡಕ ಹುಡುಕೋರು, ಅವರು ಹೇಳಿಕೊಟ್ಟಿದ್ದಕ್ಕೇ ನಾನು ಈ ಮಿಷನ್ ತಗೊಂಡಿದ್ದು. ಈಗ ಬಟ್ಟೆ ಅಡಿಯಲ್ಲಿ ದಾರ ಗಂಟು ಗಂಟಾಗ್ತಿದೆ. ಅಂಗಡಿಗೆ ಹೋದ್ರೆ ಅವರಿಲ್ಲ. ಅವರ ನಂಬರ್ ಇದ್ರೆ ಕೊಡ್ತೀರಾ?"

ಚಿಕ್ಕಮ್ಮನ ಕೈಯಲ್ಲಿದ್ದ ಪ್ಯಾಂಟು ಹಾಗೇ ನಿಲ್ಲುತ್ತದೆ. "ಗಂಟಾಗ್ತಿದೆಯಂತಾ? ಬಟ್ಟೆ ಒತ್ತೋ ಪಾದ ಇಳಿಸ್ಕೊಂಡೇ ದಾರ ಪೋಣಿಸಿದಾಳೆ ಅವಳು. ಪಾದ ಮೇಲೆತ್ತಿ ಪೋಣಿಸಬೇಕು, ಎಷ್ಟು ಸಲ ಹೇಳಿದ್ರೂ ಅಷ್ಟೇ. ಅವಳಿಗೆ ಯಾರಾದ್ರೂ ಹೇಳಿದ್ರಾ?"

"ಹೇಳಿದಾರೆ ಚಿಕ್ಕಮ್ಮ. ಈಗ ಸರಿಯಾಗಿದೆಯಂತೆ."

ಚಿಕ್ಕಮ್ಮ ಪ್ಯಾಂಟಿನ ಅಂಚನ್ನು ಪಾದದ ಕೆಳಗಿಟ್ಟು, ಚಕ್ರಕ್ಕೆ ಕೈ ಹಾಕಿ, ತಿರುಗಿಸದೆ ಕೂರುತ್ತಾರೆ. ಕಿಟಕಿಯಾಚೆ ಯಾರೋ ಗಾಡಿ ನಿಲ್ಲಿಸಿದ ಸದ್ದು.

"ನನ್ನನ್ನ ನೋಡೇ ತಗೊಂಡೆ ಅಂದ್ಳಾ?"

"ಹಾಗೇ ಅಂದ್ಳು. ಇವಳೊಬ್ಬಳೇ ಅಲ್ಲ ಚಿಕ್ಕಮ್ಮ, ಇನ್ನೂ ಎಷ್ಟೋ ಜನ..."

"ಅವರೆಲ್ಲ ನಮಗೆ ಗೊತ್ತಿಲ್ಲ," ಅನ್ನುತ್ತಾರೆ ಚಿಕ್ಕಮ್ಮ, ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು. "ಗೊತ್ತಿರೋದು ಒಂದು. ಒಂದು ಅಂತ ಬರ್ಕೋ."