ಬೊಲ್ಜಾನೊದಲ್ಲಿ ನೋಡಿದ ಮುಖ

ಆ ಊರಿಗೆ ಹೋಗುವ ಆಸೆ ನನ್ನದಲ್ಲ, ಭಾವನವರದು. ನನ್ನ ಗಂಡನ ಅಣ್ಣ ಅವರು. ಟೊರಾಂಟೊ ಪಕ್ಕದ ಓಕ್‌ವಿಲ್‌ನಲ್ಲಿರುವ ರಿಟೈರ್ಡ್ ಡಾಕ್ಟರು. ನಾರ್ತ್ ಯಾರ್ಕಿನ ನಮ್ಮ ಅಪಾರ್ಟ್‌ಮೆಂಟಿಗೆ ಯಾವ ಸೋಫಾ ಬರಬೇಕು, ನಮ್ಮ ಮಗಳು ಏನು ಓದಬೇಕು, ಎಲ್ಲವೂ ಓಕ್‌ವಿಲ್‌ನಲ್ಲೇ ತೀರ್ಮಾನವಾಗುತ್ತಿತ್ತು. ನನ್ನ ಗಂಡ "ಆಯ್ತಣ್ಣ" ಅನ್ನುತ್ತಿದ್ದರು. ಅವರಿಗೆ ಬರುತ್ತಿದ್ದುದು ಅದೊಂದೇ ಮಾತು.

ಹೊರಡುವುದಕ್ಕೆ ಐದು ತಿಂಗಳು ಮೊದಲು ಮೈಸೂರಿನಲ್ಲಿ ನನ್ನ ಅಪ್ಪ ತೀರಿಕೊಂಡಿದ್ದರು. ನನ್ನಣ್ಣ ಮನೆಗೆ ಫೋನ್ ಮಾಡಿದಾಗ ನಾನು ಆಫೀಸಿನಲ್ಲಿದ್ದೆ. ಸಂಜೆ ಸಬ್‌ವೇ ಇಳಿದು ಬಂದರೆ ಗಂಡ ಬಾಗಿಲಲ್ಲೇ ನಿಂತಿದ್ದರು. "ಮಾವ ಹೋಗ್ಬಿಟ್ರು. ನೀನು ಬರೋವರೆಗೂ ಕಾಯಕ್ಕಾಗಲ್ಲ ಅಂತ ಮುಗಿಸಿಬಿಟ್ರಂತೆ ನಿಮ್ಮಣ್ಣ" ಎಂದರು.

ಪರದೇಶದಲ್ಲಿ ಮಕ್ಕಳಿರುವವರು ಸತ್ತರೆ ಐಸ್ ಪೆಟ್ಟಿಗೆ ತರಿಸಿ, ಮಕ್ಕಳು ಬಂದು ಮುಖ ನೋಡುವವರೆಗೆ ಕಾಯುತ್ತಾರೆ. ನಮ್ಮ ಬೀದಿಯಲ್ಲೇ ಎಷ್ಟು ಸಲ ಕಂಡಿದ್ದೆ! ನನಗೆ ಮಾತ್ರ ಎರಡು ದಿನ ಕಾಯಲಾರದೆ ಹೋದನಲ್ಲ ಎಂದು ಅಣ್ಣನ ಮೇಲೆ ಹಲ್ಲು ಕಡಿದೆ. ಅವನಿಗೆ ಒಂದು ಫೋನೂ ಮಾಡಲಿಲ್ಲ. ಅವನೂ ಮಾಡಲಿಲ್ಲ. ತವರಿನ ಋಣ ತೀರಿತು ಅಂದುಕೊಂಡೆ.

ವರ್ಷ ತುಂಬುವ ಮೊದಲೇ ಪ್ರವಾಸ ಬೇಡವೆಂದರೆ ಭಾವನವರು, "ಮದುವೆಯಾದ ಹೆಣ್ಣಿಗೆ ತವರಿನ ಸೂತಕ ಮೂರೇ ದಿನ ಕಣಮ್ಮ" ಎಂದರು. ಸಂಧ್ಯಾವಂದನೆ ಬಿಟ್ಟು ಮೂವತ್ತು ವರ್ಷವಾಗಿದ್ದ ಮನುಷ್ಯನಿಗೆ ನನ್ನ ಸೂತಕದ ಲೆಕ್ಕ ಮಾತ್ರ ಚೆನ್ನಾಗಿ ನೆನಪಿತ್ತು.

ಹೀಗೆ ಭಾವನವರು, ಗಂಡ, ನಾನು ಮೂವರೂ ಬೊಲ್ಜಾನೊ ತಲುಪಿದೆವು. ಆಲ್ಪ್ಸ್ ಬೆಟ್ಟಗಳ ನಡುವಿನ ಊರು. ದೇಶ ಇಟಲಿ, ಮನೆಮಾತು ಬಹಳ ಜನರಿಗೆ ಜರ್ಮನ್. ನದಿಯ ಈಚೆ ಜರ್ಮನರ ಹಳೆಯ ಪೇಟೆ, ಆಚೆ ಇಟಲಿಯವರು ಕಟ್ಟಿದ ಬಡಾವಣೆ. ಪ್ರತಿ ಬೀದಿಗೂ ಎರಡೆರಡು ಹೆಸರು. ಹಣ್ಣಿನ ಅಂಗಡಿಯವಳು ಒಬ್ಬರಿಗೆ ಜರ್ಮನ್‌ನಲ್ಲಿ, ಇನ್ನೊಬ್ಬರಿಗೆ ಇಟಾಲಿಯನ್‌ನಲ್ಲಿ ನಗುನಗುತ್ತಾ ಬೆಲೆ ಹೇಳಿದಳು. ನಾನು ನಮ್ಮ ಅಭ್ಯಾಸದಂತೆ ಹಣ್ಣನ್ನು ಒತ್ತಿ ನೋಡಿದೆ. ಕೈಯಿಂದಲೇ ಕಿತ್ತುಕೊಂಡಳು. ಭಾವನವರು ಅವಳ ಪರವಾಗಿಯೇ ನನ್ನನ್ನು ಗದರಿದರು.

ಅಲ್ಲಿಂದ ಮ್ಯೂಸಿಯಂಗೆ ಕರೆದೊಯ್ದರು. ಬೆಟ್ಟದ ಹಿಮದಲ್ಲಿ ಸಿಕ್ಕಿದ ಐದು ಸಾವಿರ ವರ್ಷದ ಹೆಣವನ್ನು ಅಲ್ಲಿ ತಣ್ಣನೆಯ ಕೋಣೆಯಲ್ಲಿಟ್ಟಿದ್ದಾರೆ. ಒಬ್ಬೊಬ್ಬರಾಗಿ ಸಣ್ಣ ಕಿಟಕಿಯಿಂದ ನೋಡಬೇಕು. ಸಾಲಿನಲ್ಲಿ ನಿಂತಿದ್ದಾಗ ಭಾವನವರ ಪಾಠ ಶುರುವಾಯಿತು.

"ಹೀಗಿಟ್ರೆ ಕೆಡೋದೇ ಇಲ್ಲ ನೋಡು. ನಿಮ್ಮ ಮೈಸೂರಿನ ಐಸ್ ಪೆಟ್ಟಿಗೆ ಥರ ಅಲ್ಲ. ಅದಕ್ಕೇ ಅವತ್ತು ನಿಮ್ಮಣ್ಣ, ಪೆಟ್ಟಿಗೆ ತರ್ಸಿದೀನಿ, ಕಾಯ್ತೀವಿ ಅಂದಾಗ ನಾನೇ ಇವನಿಗೆ ಹೇಳ್ದೆ, ಬೇಡ ಅಂದ್ಬಿಡು ಅಂತ. ಪ್ರಾಕ್ಟಿಕಲ್ ಆಗಿರ್ಬೇಕಮ್ಮ."

ನಾನು ಗಂಡನ ಕಡೆ ತಿರುಗಿದೆ. ಅವರು ಗೋಡೆಯ ಮೇಲಿನ ಬರಹವನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದರು. ಅದು ಅರ್ಧ ಇಟಾಲಿಯನ್, ಅರ್ಧ ಜರ್ಮನ್. ಎರಡರಲ್ಲೂ ಅವರಿಗೆ ಒಂದಕ್ಷರ ಬರುವುದಿಲ್ಲ.

ನನ್ನ ಸರದಿ ಬಂತು. ಒಣಗಿದ ಕಂದು ಮೈ, ಕತ್ತಿನ ಮೇಲೆ ಅಡ್ಡ ಬಿದ್ದ ತೋಳು. ಅಳು ಬರಲಿಲ್ಲ, ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಯಾರದೋ ಅಪ್ಪನ ಮುಖವನ್ನು ನಾನು ಸಾಲಿನಲ್ಲಿ ನಿಂತು ನೋಡುತ್ತಿದ್ದೆ. ನನ್ನಪ್ಪನ ಮುಖ ನೋಡಲು ಇವರಿಬ್ಬರೂ ಬಿಟ್ಟಿರಲಿಲ್ಲ.

ಹೊರಗೆ ಬಂದಾಗ ಭಾವನವರು ನಗುತ್ತಾ, "ಹೆಣ ನೋಡಿದೀವಿ, ಇನ್ನು ಸ್ನಾನ ಆಗ್ಬೇಕಲ್ಲಪ್ಪ" ಎಂದರು.

"ಯಾಕ್ರೀ ನನ್ನ ಕೇಳ್ಲಿಲ್ಲ?" ಎಂದೆ ಗಂಡನಿಗೆ.

"ನಿಂಗೆಲ್ಲಿ ರಜಾ ಸಿಗ್ತಿತ್ತು? ಸುಮ್ನೆ ಟೆನ್ಷನ್ ಅಂತ..."

"ರಜಾ ಕೇಳ್ಬೇಕಾಗಿದ್ದೋಳು ನಾನು. ಅಪ್ಪ ನನ್ನೋರು. ನಿಮ್ಮಣ್ಣ ಯಾರ್ರೀ ಅದಕ್ಕೆ?" ಎಂದು ಅವರಿಬ್ಬರನ್ನೂ ಅಲ್ಲೇ ಬಿಟ್ಟು, ಚೌಕದ ಫೋನ್ ಬೂತಿಗೆ ಹೋದೆ. ಮೈಸೂರಿನ ನಂಬರು ಐದು ತಿಂಗಳಾದರೂ ಬೆರಳು ಮರೆತಿರಲಿಲ್ಲ. ಅಣ್ಣನೇ ಎತ್ತಿದ. ಅವತ್ತು ಫೋನಿನಲ್ಲಿ ನಮ್ಮವರು ಏನೆಂದರು ಎಂದು ಕೇಳಿದೆ.

"ಕಾಯೋದು ಬೇಡ ಅಂತ ನೀನೇ ಹೇಳಿದೆಯಂತೆ ಕಣೇ" ಎಂದ. ನಾನು ಹೇಳಿಲ್ಲವೆಂದೆ. ಅಪ್ಪನ ಮುಖ ಹೇಗಿತ್ತು ಎಂದು ಕೇಳಿದೆ.

"ಕನ್ನಡಕ ಇಲ್ದೇ ಇರೋ ಅಪ್ಪನ್ನ ನೀನು ನೋಡೇ ಇಲ್ವಲ್ಲ. ಬರ್ತೀಯ ಅಂತ ಕನ್ನಡಕ ಹಾಕ್ಸಿದ್ದೆ. ಬರಲ್ಲ ಅಂತ ಗೊತ್ತಾದ್ಮೇಲೆ ತೆಗೆದಿಟ್ಟೆ."

ಟೊರಾಂಟೊಗೆ ಮರಳಿದ ವಾರವೇ ಯಾರನ್ನೂ ಕೇಳದೆ ಮೈಸೂರಿಗೆ ಹೋಗಿ ಬಂದೆ. ಆ ಕನ್ನಡಕ ಈಗ ನಾರ್ತ್ ಯಾರ್ಕಿನ ಮನೆಯಲ್ಲಿ ಟೀವಿಯ ಪಕ್ಕದಲ್ಲಿದೆ. ಭಾವನವರು ಬಂದು ಸೋಫಾದ ಮೇಲೆ ಕೂತಾಗಲೆಲ್ಲ ಅವರ ಎದುರಿಗೇ ಅದನ್ನು ತೆಗೆದು, ಸೆರಗಿನಿಂದ ನಿಧಾನವಾಗಿ ಒರೆಸುತ್ತೇನೆ. ಅವರು ಹೆಚ್ಚು ಹೊತ್ತು ಕೂರುವುದಿಲ್ಲ.