ಬೈಗುಳಕ್ಕೆ ತಿರುಗುವ ದೋಣಿ

ನೆಲದ ಮೇಲೆ ದೋಣಿಯಕ್ಕನಷ್ಟು ಸೌಮ್ಯ ಹೆಂಗಸು ಇನ್ನೊಬ್ಬಳಿಲ್ಲ. ಸರೋವರದ ದಡದ ತಗಡಿನ ಶೆಡ್ಡಿನಲ್ಲಿ ದೋಣಿಯ ತಳ ಉಜ್ಜುತ್ತಾ, "ರೀ, ಆ ಬಟ್ಟೆ ಸ್ವಲ್ಪ ಈ ಕಡೆ ಕೊಡ್ತೀರಾ?" ಅಂತ ಗಂಡನನ್ನು ಕೇಳುವುದನ್ನು ನೋಡಿದರೆ, ಆಹಾ, ಹೊಸದಾಗಿ ಮದುವೆಯಾದವರೂ ನಾಚಬೇಕು. ಅದೇ ಗಂಡನನ್ನು ದೋಣಿಯ ಮುಂದೆ ಕೂರಿಸಿ, ತಾನು ಹಿಂದೆ ಕೂತಳೋ, ಮುಗಿಯಿತು ಕಥೆ.

"ಏ ಸೋಮಾರಿ, ಎಡಕ್ಕೆ ಎಳಿ! ನಿದ್ದೆ ಮಾಡ್ತಿದ್ದೀಯಾ? ಬಂಡೆ ಕಾಣ್ಸಲ್ವಾ, ಕಣ್ಣೇನು ಮನೇಲಿಟ್ಟು ಬಂದ್ಯಾ?"

ಅಕ್ಕನ ಗಂಡನಾದ ತಪ್ಪಿಗೆ ಅವನು ಎಲ್ಲರಿಗೂ ಭಾವ. ಈ ಕೆಲಸದಲ್ಲಿ ಹಿಂದೆ ಕೂತವರು ದಾರಿ ನೋಡಿ ತಿರುಗಿಸಬೇಕು, ಮುಂದೆ ಕೂತವರು ತಲೆ ಬಗ್ಗಿಸಿ ಹುಟ್ಟು ಹಾಕಬೇಕು, ಅಷ್ಟೇ. ಅಕ್ಕ ಬೈದಳು ಅಂದರೆ ಭಾವನ ತೋಳು ತಾನಾಗೇ ಓಡುತ್ತಿತ್ತು. ಬೆಟ್ಟಗಳ ನಡುವೆ ಮೇಲಿನ ಸರೋವರದಿಂದ ಕೆಳಗಿನ ಸರೋವರಕ್ಕೆ ಹಾರಿ ಇಳಿಯುವ ಆ ತುಂಟ ನದಿಯಲ್ಲಿ, ಇಬ್ಬರೂ ಎಷ್ಟು ಜನರನ್ನು ಕರೆದುಕೊಂಡು ಹೋಗಿ ಬಂದಿದ್ದಾರೋ, ಲೆಕ್ಕ ಇಟ್ಟವರಾರು?

ಈ ವರ್ಷ ಹೊಸ ನಿಯಮ ಬಂತು ನೋಡಿ. ನದಿಗೆ ಜನರನ್ನು ಇಳಿಸುವವರು ಪರೀಕ್ಷೆ ಪಾಸಾಗಬೇಕು. ಆಗದಿದ್ದರೆ ಅಕ್ಕನಿಗೆ ಟಿಕೆಟ್ ಕಿಟಕಿ, ಭಾವನಿಗೆ ಸಾಮಾನಿನ ಕೋಣೆ. ಅಕ್ಕನಿಗೆ ಅನ್ನ ಸೇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅವರೊಂದು ಕಡೆ, ನಾನೊಂದು ಕಡೆಯಾ? ಅದೂ ಒಂದು ಬಾಳಾ?

"ಅಮ್ಮಾ, ನಿನಗೆ ಕೈಮುಗೀತೀನಿ," ಅಂದಳು ಮಗಳು. "ಪರೀಕ್ಷೆ ಮಾಡೋಕೆ ಬರೋ ಮೇಡಂ ಎದುರಿಗೆ ಅಪ್ಪನ್ನ ಬೈಬೇಡ. ಮರ್ಯಾದೆಯಾಗಿ ಮಾತಾಡು."

"ಅಷ್ಟೇ ತಾನೇ? ಬಿಡು, ಜೇನು ಸುರಿಸ್ತೀನಿ," ಅಂದಳು ಅಕ್ಕ.

ಪರೀಕ್ಷೆಯ ಮೇಡಂ ಗಟ್ಟಿ ಹೆಂಗಸು, ತಾನೂ ನೀರಿನಲ್ಲೇ ಪಳಗಿದವಳು. ಲೈಫ್ ಜಾಕೆಟ್ ಬಿಗಿದುಕೊಂಡು ದೋಣಿಯ ನಡುವೆ ಕೂತಳು. ಸರೋವರವನ್ನೇನೋ ದೋಣಿ ಸಲೀಸಾಗಿ ದಾಟಿತು. ಅಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ನದಿಯ ಬಾಯಿ ಬಂತು, ನೀರು ಬಿಳಿಯಾಯಿತು. ಅಕ್ಕ ಗಂಟಲು ಸರಿಮಾಡಿಕೊಂಡಳು.

"ರೀ, ದಯವಿಟ್ಟು ಸ್ವಲ್ಪ ಎಡಕ್ಕೆ ಹಾಕ್ತೀರಾ?"

ಭಾವನ ಹುಟ್ಟು ಗಾಳಿಯಲ್ಲೇ ನಿಂತಿತು.

"ರೀ, ಎಡಕ್ಕೆ. ಬೇಜಾರು ಮಾಡ್ಕೋಬೇಡಿ."

ಪುಣ್ಯಾತ್ಮ ಎಡಕ್ಕೂ ಹಾಕಲಿಲ್ಲ, ಬಲಕ್ಕೂ ಹಾಕಲಿಲ್ಲ. ಮುಂದೆ ಕೂತವರು ಎಂದೂ ಮಾಡಬಾರದ ಕೆಲಸ ಮಾಡಿದ. ಪೂರ್ತಿ ಹಿಂದಕ್ಕೆ ತಿರುಗಿ ಕೂತ! ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

"ಏನಾಯ್ತೇ? ಹೇಳು, ಏನಾಯ್ತು?"

ಅವನ ಬೆನ್ನ ಹಿಂದೆ ಆನೆಯಂಥ ಬಂಡೆ ನುಗ್ಗಿ ಬರುತ್ತಿತ್ತು. ಮೇಡಂ ದೋಣಿಯ ಅಂಚು ಹಿಡಿದು ಕಣ್ಣುಮುಚ್ಚಿದಳು. ಅಕ್ಕನ ಜೀವ ಬಾಯಿಗೆ ಬಂತು, ಜೀವದ ಹಿಂದೆಯೇ ಬೈಗುಳವೂ ಬಂತು.

"ಅಯ್ಯೋ ನಿನ್ನ ತಲೆಗಿಷ್ಟು! ನನ್ನ ಮುಖದಲ್ಲೇನು ಸಿನಿಮಾ ತೋರಿಸ್ತಿದ್ದಾರಾ? ಮುಂದೆ ನೋಡೋ ಬೆಪ್ಪೇ! ಎಡಕ್ಕೆ ಎಳಿ! ಎಳಿ ಅಂದ್ರೆ!"

ಭಾವನ ಮುಖ ಅರಳಿದ್ದೇ ಅರಳಿದ್ದು! ಗಿರಕ್ಕನೆ ತಿರುಗಿ ಹುಟ್ಟು ಹಾಕಿದ ರಭಸಕ್ಕೆ ದೋಣಿ ಬಂಡೆಯನ್ನು ಸವರಿಕೊಂಡು ಆಚೆ ಜಾರಿತು. ಮುಂದೆ ಕೆಳಗಿನ ಸರೋವರದವರೆಗೂ ಅಕ್ಕ ಉಸಿರು ಬಿಡದೆ ಬೈದಳು, ಭಾವ ಶಿಳ್ಳೆ ಹಾಕಿಕೊಂಡು ಹುಟ್ಟು ಹಾಕಿದ.

ದಡದಲ್ಲಿ ಮೇಡಂ ಕೂದಲು ಹಿಂಡಿಕೊಳ್ಳುತ್ತಾ ಕೇಳಿದಳು. "ಅವರು ಚೆನ್ನಾಗಿಯೇ ಎಡಕ್ಕೆ ಅಂದ್ರಲ್ಲ, ಯಾಕೆ ಸುಮ್ನೆ ಕೂತ್ರಿ?"

ಭಾವ ತಲೆ ಕೆರೆದುಕೊಂಡ. "ನೀರಿನ ಮೇಲೆ ಇವಳು ನನ್ನ ಹತ್ರ ನಯವಾಗಿ ಮಾತಾಡಿದ್ದು ಒಂದೇ ಸಲ ಮೇಡಂ. ನಮ್ಮಮ್ಮ ತೀರಿಕೊಂಡ ದಿನ. ನಾನು ಸರೋವರದ ಮಧ್ಯೆ ಇದ್ದೆ. ಇವಳೇ ಇನ್ನೊಂದು ದೋಣೀಲಿ ಬಂದು ಹೇಳಿದ್ಲು. ಇವತ್ತೂ ಅದೇ ದನಿ. ಮಗಳಿಗೇನಾಯ್ತೋ ಅಂತ ಕೈಕಾಲೇ ಆಡ್ಲಿಲ್ಲ."

ಅಕ್ಕ ಗಂಡನ ಒದ್ದೆ ತೋಳು ಹಿಡಿದುಕೊಂಡು, "ಮಗಳು ಚೆನ್ನಾಗಿದ್ದಾಳೆ ಕಣ್ರೀ. ಎಲ್ಲರೂ ಚೆನ್ನಾಗಿದ್ದೀವಿ," ಅಂದಳು.

ಮೇಡಂ ಲೈಫ್ ಜಾಕೆಟ್ ಬಿಚ್ಚಿ ದೋಣಿಯಲ್ಲಿಟ್ಟಳು. ಆಮೇಲೆ ಹೇಳಿದಳು. "ಲೈಸೆನ್ಸ್ ಕೊಡ್ತೀನಿ. ಆದ್ರೆ ಬೈಗುಳ ಯಾರಿಗೆ ಅಂತ ಜನ ಹತ್ತೋ ಮೊದ್ಲೇ ಹೇಳ್ಬಿಡಿ. ಇನ್ನೊಂದು ಮಾತು. ಬೇರೆ ಯಾರ ಜೊತೆಗೂ ನಿಮ್ಮನ್ನ ನದಿಗೆ ಬಿಡಲ್ಲ. ಇಳಿದ್ರೆ ಇಬ್ರೂ ಒಂದೇ ದೋಣೀಲಿ ಇಳೀಬೇಕು."

"ಅಯ್ಯೋ ಕರ್ಮವೇ, ಅಂದ್ರೆ ಸಾಯೋ ತನಕ ನಾನು ಇವರ ಬೆನ್ನೇ ನೋಡ್ಕೊಂಡು ಕೂರ್ಬೇಕಾ?" ಅಂದಳು ಅಕ್ಕ. ಅಂದವಳು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಒರೆಸಿಕೊಂಡಳು.